ಫೈಲಿನಲ್ಲಿ ಇಬ್ಬರು ಸುಗ್ರಾಬಿ

ವಿಶ್ವಪ್ರಿಯ ಸರ್ ನನಗೆ ಮೊದಲು ಟೈಪಿಂಗ್ ಕಲಿಸಿದರು. ಇಪ್ಪತ್ತು ವರ್ಷ ಬಿಟ್ಟು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನೂ ಅವರೇ ಕಲಿಸಿದರು. ನಡುವಿನ ಆ ಇಪ್ಪತ್ತು ವರ್ಷದಲ್ಲಿ ಬಳ್ಳಾರಿಯ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿತು, ನಾನು ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವ ಟೆಕ್ನಿಶಿಯನ್ ಆದೆ.

ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ಯಂತ್ರಗಳಿದ್ದವು. ಹನ್ನೆರಡೂ ಒಟ್ಟಿಗೆ ಬಡಿಯುವಾಗ ಸರ್ ಕಣ್ಣು ಮುಚ್ಚಿ ನಿಂತು, ಸದ್ದಿನಲ್ಲೇ ಯಾರ ಬೆರಳು ತಪ್ಪಿತೆಂದು ಗುರುತಿಸುತ್ತಿದ್ದರು. ಬೇರೆ ತಪ್ಪು ಮಾಡಿದರೆ ನಕ್ಕು ಬಿಡುತ್ತಿದ್ದರು. ಹೆಸರು ತಪ್ಪಿದರೆ ಮಾತ್ರ ಬಿಡುತ್ತಿರಲಿಲ್ಲ. "ಅರ್ಜಿಯೊಳಗ ಅವನಿಗಿರೋದು ಅದೊಂದ ಹೆಸರು. ಅದನ್ನೂ ಕೆಡಿಸಿದ್ರ ಅವನು ಎಲ್ಲಿಗೆ ಹೋಗಬೇಕೋ?" ಎಂದು ಕಾಗದ ಹರಿದು ಹಾಕಿ ಮತ್ತೆ ಹೊಡೆಸುತ್ತಿದ್ದರು. ನನ್ನ ಕೈಯಲ್ಲಿ 'ವಿರೂಪಮ್ಮ' ಎಂಬ ಒಂದೇ ಹೆಸರನ್ನು ನಲವತ್ತು ಸಲ ಹೊಡೆಸಿದ್ದು ನೆನಪಿದೆ.

ಟೈಪಿಂಗ್ ಕಲಿಯುವವರು ಇಲ್ಲವಾದ ಮೇಲೆ ಅವರು ಲಗ್ನಪತ್ರಿಕೆ, ಕರಪತ್ರ ಅಂತ ಡಿಟಿಪಿ ಮಾಡಿದರು. ಅದೂ ನಿಂತಿತು. ಐವತ್ಮೂರನೆಯ ವಯಸ್ಸಿಗೆ ಫೋನಿನಲ್ಲಿ ವಿಡಿಯೋ ನೋಡುತ್ತ, ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಳ್ಳುತ್ತ ಪ್ರೋಗ್ರಾಮಿಂಗ್ ಕಲಿತರು. ಅವರ ಹೆಂಡತಿ ಸರಸ್ವತಿಬಾಯಿ ಮೊದಮೊದಲು, "ಈ ವಯಸ್ಸಿನಾಗ ಇವರಿಗೆ ಏನು ಹುಚ್ಚೋ" ಎಂದು ನಮ್ಮ ಮುಂದೆ ನಗುತ್ತಿದ್ದರು. ಆ ಹುಚ್ಚೇ ಅವರನ್ನು ನಮ್ಮಲ್ಲಿಗೆ ತಂದಿತು.

ನಮ್ಮದು ಒಂದು ಟ್ರಸ್ಟ್ ನಡೆಸುವ ಸಣ್ಣ ಡಯಾಲಿಸಿಸ್ ಘಟಕ. ಆರು ಹಾಸಿಗೆ, ಆರು ಯಂತ್ರ. ಕಿಡ್ನಿ ಸೋತವರ ರಕ್ತವನ್ನು ಯಂತ್ರದಲ್ಲಿ ತೊಳೆದು ಮತ್ತೆ ಮೈಗೆ ಬಿಡುವುದು ನಮ್ಮ ಕೆಲಸ. ಒಬ್ಬೊಬ್ಬರಿಗೂ ವಾರಕ್ಕೆ ಎರಡು ಸಲ. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರಿಗೇ ಕುತ್ತು ಬರಬಹುದು, ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂಬುದು ಬರುವವರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಬಂದು ಹೋಗುವಷ್ಟು ತ್ರಾಣ ಹೆಚ್ಚಿನವರಿಗೆ ಇರುವುದಿಲ್ಲ. ಹಾಗಾಗಿ ಟ್ರಸ್ಟಿನವರು ಎರಡು ಗಾಡಿ ಇಟ್ಟಿದ್ದರು. ಒಂದು ಸಿರುಗುಪ್ಪದ ಕಡೆಯಿಂದ, ಇನ್ನೊಂದು ಕುರುಗೋಡು, ಕೊಳಗಲ್ಲಿನ ಕಡೆಯಿಂದ ಬೆಳಿಗ್ಗೆ ರೋಗಿಗಳನ್ನು ಕರೆತಂದು ಸಂಜೆ ಮನೆ ಮುಟ್ಟಿಸುತ್ತಿದ್ದವು.

ಯಾರನ್ನು ಯಾವತ್ತು ತರಬೇಕು ಎಂಬುದು ಒಂದು ರಿಜಿಸ್ಟರಿನಲ್ಲಿತ್ತು. ಮೂರು ಜನ ನರ್ಸುಗಳ ಮೂರು ಬಗೆಯ ಅಕ್ಷರ, ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಫೋನ್ ನಂಬರು. ಟ್ರಸ್ಟಿನ ಕಾರ್ಯದರ್ಶಿ ಚಿದಾನಂದಪ್ಪನವರು ಇದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದಾಗ, ನಾನೇ ಸರ್ ಹೆಸರು ಹೇಳಿದೆ. ಜನವರಿಯಲ್ಲಿ ಅವರು ಬಂದರು. ಬಾಗಿಲ ಪಕ್ಕದ ಮೇಜು, ಒಂದು ಹಳೆ ಕಂಪ್ಯೂಟರು, ಆಫೀಸಿನ ಫೋನು ಅವರ ಪಾಲಿಗೆ ಬಂದವು.

ಪ್ರೋಗ್ರಾಂ ಬರೆದು ಮುಗಿದ ದಿನ ನನ್ನನ್ನು ಕರೆದು ಪಕ್ಕ ಕೂಡಿಸಿಕೊಂಡರು.

"ನೋಡೋ ರಾಮಾಂಜಿನಿ, ಇದು ಜೇಸನ್ ಫೈಲು. ಎಡಕ್ಕ ಹೆಸರು ಅದ, ಅದು ಕೀ. ಎರಡು ಚುಕ್ಕಿ ಇಟ್ಟು ಬಲಕ್ಕ ಅವರ ಸಂಗತಿ ಅದ, ಊರು, ದಿನ, ಗಾಡಿ, ಫೋನು. ಅದು ವ್ಯಾಲ್ಯೂ."

"ಮತ್ತ ಲೂಪ್ ಅಂತೀರಲ್ಲ ಸರ, ಅದು?"

"ಅದು ಟಪಾಲಿನವ ಇದ್ದಂಗ. ಮೊದಲನೇ ಕೀ ಮುಂದ ನಿಲ್ತದ. ಅದರ ವ್ಯಾಲ್ಯೂ ತಗದು ನೋಡ್ತದ, ನಾಳೆ ಇವರ ದಿನಾನೋ ಅಲ್ಲೋ ಅಂತ. ಹೌದಾದ್ರ ಡ್ರೈವರಿನ ಫೋನಿಗೆ ಹೆಸರು ಕಳಸ್ತದ. ಮುಂದಿನ ಕೀಗೆ ಹೋಗ್ತದ. ಹಿಂಗ ಕೊನೀತನಕ. ಒಬ್ಬರನ್ನೂ ಬಿಡಂಗಿಲ್ಲ."

ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಒಂದೊಂದಾಗಿ ಹೆಸರುಗಳು ಇಳಿದವು. ನಲವತ್ತೊಂದು ಹೆಸರು. ಸರ್ ಮುಖದಲ್ಲಿ, ಹನ್ನೆರಡು ಯಂತ್ರ ತಪ್ಪಿಲ್ಲದೆ ನಡೆದಾಗ ಇರುತ್ತಿದ್ದ ಕಳೆ ಬಂದಿತ್ತು.

ನಾಲ್ಕು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ದಿನಾ ಸಂಜೆ ಐದಕ್ಕೆ ಮರುದಿನದ ಪಟ್ಟಿ ಡ್ರೈವರುಗಳ ಫೋನಿಗೆ ಹೋಗುತ್ತಿತ್ತು, ನಮ್ಮ ವಾರ್ಡಿಗೂ ಅದೇ ಪಟ್ಟಿ ಬರುತ್ತಿತ್ತು. ಮೊದಲು ಡ್ರೈವರುಗಳು ಪಟ್ಟಿಯಲ್ಲಿ ಇಲ್ಲದವರ ಬಾಗಿಲಲ್ಲೂ ನಿಂತು, ಹಾರ್ನ್ ಹೊಡೆದು, ಕಾದು ಬರುತ್ತಿದ್ದರು. ಅದರಿಂದ ತಡವಾಗಿ ಬೇರೆಯವರ ಪಾಳಿ ಕೆಡುತ್ತಿತ್ತು. ಚಿದಾನಂದಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟರು, "ಇನ್ನ ಮ್ಯಾಲೆ ಲಿಸ್ಟಿನ್ಯಾಗ ಹೆಸರು ಇದ್ದರ ಅಷ್ಟ ಗಾಡಿ ನಿಲ್ಲಬೇಕು." ಯಾರೂ ಎದುರಾಡಲಿಲ್ಲ. ಪಟ್ಟಿ ಒಂದು ದಿನವೂ ತಪ್ಪಿರಲಿಲ್ಲ.

ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಇಬ್ಬರೂ ಅರವತ್ತು ದಾಟಿದವರು. ಒಬ್ಬರನ್ನು ಸಿರುಗುಪ್ಪದಮ್ಮ, ಇನ್ನೊಬ್ಬರನ್ನು ಕುರುಗೋಡಮ್ಮ ಎಂದು ಕರೆದು ಕರೆದು, ಇಬ್ಬರ ಹೆಸರೂ ಒಂದೇ ಎಂಬುದು ನಮ್ಮ ತಲೆಯಲ್ಲೇ ಇರಲಿಲ್ಲ. ಸಿರುಗುಪ್ಪದಮ್ಮನ ದಿನ ಮಂಗಳವಾರ, ಶುಕ್ರವಾರ. ಗಂಡ ಪೀರಸಾಬ್ ಗಾದಿ ಹೊಲಿಯುವವರು. ಆಯಮ್ಮ ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ತಾಸು ಮಲಗಿದ್ದಾಗ ನಮ್ಮ ಹಾಸಿಗೆಗಳನ್ನು ಮುಟ್ಟಿ ನೋಡಿ ಬಯ್ಯುತ್ತಿದ್ದರು. "ಇದೇನು ಗಾದೀನಪ್ಪಾ? ಕಲ್ಲು. ನಮ್ಮವರಿಗೆ ಹೇಳಿ ಒಂದು ಛಲೋದು ಹೊಲಿಸಿಕೊಡ್ತೀನಿ ತಡಿ." ಕುರುಗೋಡಮ್ಮನ ದಿನ ಬುಧವಾರ, ಶನಿವಾರ. ಅವರು ಮಾತಾಡುವವರಲ್ಲ. ತಸ್ಬಿಯ ಮಣಿ ಎಣಿಸುತ್ತ ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

ರಿಜಿಸ್ಟರಿನಲ್ಲಿ ಒಬ್ಬ ನರ್ಸ್ ಸಿರುಗುಪ್ಪದವರ ಹೆಸರನ್ನು 'ಸುಗರಾಬಿ' ಎಂದು ಬರೆದಿದ್ದಳು. ಕುರುಗೋಡಿನವರದು 'ಸುಗ್ರಾಬಿ' ಎಂದಿತ್ತು. ಸರ್ ಜನವರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಫೈಲಿಗೆ ಏರಿಸಿದ್ದರು.

ಮೇ ತಿಂಗಳ ಒಂದು ಸೋಮವಾರ ಸರ್ ಎಲ್ಲ ರೋಗಿಗಳ ಕಾರ್ಡುಗಳನ್ನು ತರಿಸಿಕೊಂಡರು. ಕಾರ್ಡು ನೋಡುತ್ತ ಫೈಲಿನ ಹೆಸರುಗಳನ್ನು ತಿದ್ದಿದರು. ಹನ್ನೊಂದು ತಪ್ಪು ಸಿಕ್ಕವಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ನಾಲ್ಕು ತಿಂಗಳು ಹನ್ನೊಂದು ಮಂದಿ ಹೆಸರು ಕೆಡಿಸಿಕೊಂಡು ಕೂತಿದ್ವಿ ನೋಡು" ಎಂದು ನನಗೆ ಹೇಳಿದರು. ಆ ಹನ್ನೊಂದರಲ್ಲಿ 'ಸುಗರಾಬಿ' ಒಂದು. ಅದನ್ನು ಅವರು 'ಸುಗ್ರಾಬಿ' ಮಾಡಿದ್ದರು.

ಅವತ್ತು ಸಂಜೆ ಐದಕ್ಕೆ ಪಟ್ಟಿ ಹೋಯಿತು.

ಮಂಗಳವಾರ ಬೆಳಿಗ್ಗೆ ಸಿರುಗುಪ್ಪದ ಗಾಡಿ ಬಂದಾಗ ಸಿರುಗುಪ್ಪದಮ್ಮ ಇಳಿಯಲಿಲ್ಲ. ಆ ಗಾಡಿಯ ಡ್ರೈವರ್ ವಾಲ್ಮೀಕಿಯನ್ನು ಕೇಳಿದೆ. "ಲಿಸ್ಟಿನ್ಯಾಗ ಇರಲಿಲ್ಲಣ್ಣ. ದಿನ ಬದಲಾಗೈತೇನೋ ಅಂತ ಬಂದೆ" ಎಂದ. ಅದರ ಹಿಂದಿನ ವಾರ ಒಂದು ಯಂತ್ರ ಕೆಟ್ಟು ಐದಾರು ಮಂದಿಯ ದಿನ ನಿಜವಾಗಿಯೂ ಬದಲಾಗಿದ್ದವು. ನನ್ನ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಇರಬಹುದು ಅಂದುಕೊಂಡು ಆ ಹಾಸಿಗೆಗೆ ಬೇರೆಯವರನ್ನು ಮಲಗಿಸಿದೆ.

ಎಂಟು ಗಂಟೆಗೆ ಆಫೀಸಿನ ಫೋನಿಗೆ ಕರೆ ಬಂತು. ಸಿರುಗುಪ್ಪದಮ್ಮನ ಸೊಸೆ ಸುಹಾನಾ ಮಾಡಿದ್ದಳು. ಅವಳು ಯಾರೆಂದು ಆಗ ಸರ್‌ಗೆ ಗೊತ್ತಿರಲಿಲ್ಲ. ಆ ಮಾತುಕತೆಯನ್ನು ಆಮೇಲೆ ಅವರು ಎಷ್ಟು ಸಲ ನನಗೆ ಒಪ್ಪಿಸಿದ್ದಾರೆಂದರೆ, ನಾನೇ ಕೇಳಿಸಿಕೊಂಡಂತೆ ಆಗಿಬಿಟ್ಟಿದೆ.

"ಸರ, ನಮ್ಮತ್ತಿನ ಕರಕೊಂಡು ಹೋಗಾಕ ಗಾಡಿ ಬಂದಿಲ್ರಿ."

"ಹೆಸರು ಹೇಳ್ರಿ ಅಮ್ಮಾ."

"ಸುಗ್ರಾಬಿ ಅಂತ್ರಿ."

ಹೆಸರು ಕೊಟ್ಟರೆ ದಿನ ತೋರಿಸುವ ಒಂದು ಸಣ್ಣ ಲೂಪನ್ನೂ ಸರ್ ಬರೆದಿಟ್ಟಿದ್ದರು. ಹೆಸರು, ದಿನ, ಇಷ್ಟೇ ಕಾಣುತ್ತಿತ್ತು. ಊರು ಕಾಣುವ ಹಾಗೆ ಬರೆದಿರಲಿಲ್ಲ. ಅವರು ಹೆಸರು ಹೊಡೆದರು.

"ಬುಧವಾರ, ಶನಿವಾರ ಅಂತ ಅದ ನೋಡ್ರಿ. ನಾಳೆ ಬರ್ತದ ಗಾಡಿ."

"ಇಷ್ಟು ದಿನ ಮಂಗಳವಾರ ಇತ್ತಲ್ರಿ?"

"ಹೋದ ವಾರ ಕೆಲವರದು ಬದಲಾಗ್ಯಾವ್ರಿ. ಲಿಸ್ಟಿನಾಗ ಬುಧವಾರ ಅದ."

"ಬುಧವಾರಾನ ರೀ? ಖರೇನಾ?"

"ಖರೇನಮ್ಮ."

ಬುಧವಾರ ಬೆಳಿಗ್ಗೆ ಅತ್ತೆಯನ್ನು ಸಿದ್ಧ ಮಾಡಿ ಬಾಗಿಲಲ್ಲಿ ಕೂಡಿಸಿಕೊಂಡು ಸುಹಾನಾ ಕಾದಳು. ಗಾಡಿ ಬರಲಿಲ್ಲ. ಒಂಬತ್ತಕ್ಕೆ ಮತ್ತೆ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ಕುರುಗೋಡಿನ ಗಾಡಿ ನಮ್ಮಲ್ಲಿಗೆ ಬಂದಾಗಿತ್ತು. ಯಾರ್ಯಾರು ಹತ್ತಿದರು ಎಂಬುದನ್ನು ಡ್ರೈವರ್ ಫೋನಿನಲ್ಲೇ ಗುರುತು ಹಾಕಿದ್ದ, ಅದು ಸರ್ ಪರದೆಗೆ ಬಂದಿತ್ತು.

"ಸುಗ್ರಾಬಿಯವರು ಗಾಡಿ ಹತ್ಯಾರಲ್ಲಮ್ಮಾ."

"ಎಲ್ಲಿ ಹತ್ಯಾರ್ರಿ? ಇಲ್ಲೇ ನನ್ನ ಮುಂದ ಕುಂತಾರ. ಕಾಲು ಬಾತಾವ್ರಿ ಅವರಿಗೆ."

ಸರ್‌ಗೆ ಗಲಿಬಿಲಿಯಾಯಿತು. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟು ವಾರ್ಡಿನ ಬಾಗಿಲಿಗೆ ಬಂದರು. ನಾನು ಒಬ್ಬರ ಕೈಗೆ ಸೂಜಿ ಚುಚ್ಚುತ್ತಿದ್ದೆ.

"ರಾಮಾಂಜಿನಿ, ಸುಗ್ರಾಬಿ ಬಂದಾರೇನೋ?"

ಕುರುಗೋಡಮ್ಮ ಮೂರನೆಯ ಹಾಸಿಗೆಯಲ್ಲಿದ್ದರು. ತಲೆ ಎತ್ತದೆಯೇ ಹೇಳಿದೆ, "ಬಂದಾರ ಸರ, ಮೂರನೇ ಬೆಡ್ಡು."

ಅವರು ಬಗ್ಗಿ ನೋಡಿದರು, ಸಮಾಧಾನವಾಗಿ ಹೋದರು. ಫೋನ್ ಮಾಡಿದ ಹೆಣ್ಣುಮಗಳೇ ಏನೋ ತಪ್ಪು ತಿಳಿದುಕೊಂಡಿದ್ದಾಳೆ, ಬೇರೆ ಯಾವುದೋ ಆಸ್ಪತ್ರೆಗೆ ಮಾಡಬೇಕಾದ ಫೋನು ಇಲ್ಲಿಗೆ ಮಾಡಿದ್ದಾಳೆ ಅಂದುಕೊಂಡರು. ಆ ಹೊತ್ತಿಗೆ ಯಾರೋ ಹೊಸ ರೋಗಿಯ ಕಡೆಯವರು ಬಂದು ಮೇಜಿನ ಮುಂದೆ ನಿಂತರು. ತಿರುಗಿ ಫೋನ್ ಮಾಡುವುದು ಉಳಿದೇಹೋಯಿತು.

ಗುರುವಾರ ಮಧ್ಯಾಹ್ನ ಸಿರುಗುಪ್ಪದಮ್ಮನಿಗೆ ಉಸಿರು ಹಿಡಿಯಿತು. ಮಗ ಮಹಮ್ಮದ್ ಗೌಸ್ ಅಕ್ಕಿ ಗಿರಣಿಯಲ್ಲಿ ಕೆಲಸದಲ್ಲಿದ್ದ. ಅವನು ಬಂದು, ಯಾರದೋ ಕಾರು ಕೇಳಿ, ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಹೊರಟ. ತೆಕ್ಕಲಕೋಟೆ ದಾಟಿ ಸ್ವಲ್ಪ ದೂರದಲ್ಲಿ ಅವರು ತೀರಿಕೊಂಡರು. ಕಾರು ಅಲ್ಲಿಂದಲೇ ತಿರುಗಿತು.

ಶುಕ್ರವಾರ ಬೆಳಿಗ್ಗೆ ವಾಲ್ಮೀಕಿ ಸುದ್ದಿ ತಂದ. ನಾನು ಹೋಗಿ ಸರ್‌ಗೆ ಹೇಳಿದೆ, "ಸಿರುಗುಪ್ಪದಮ್ಮ ಹೋದ್ರಂತ ಸರ."

"ಯಾರು? ಅವರ ಹೆಸರೇನೋ?"

"ಸುಗ್ರಾಬಿ."

"ಮೊನ್ನೆ ಬಂದಿದ್ರಲ್ಲೋ! ಮೂರನೇ ಬೆಡ್ಡಿನಾಗ ನಾನ ನೋಡೀನಿ."

"ಅವರು ಕುರುಗೋಡಮ್ಮ ಸರ. ಅವರೂ ಸುಗ್ರಾಬಿನೇ."

 ಸರ್ ಕಂಪ್ಯೂಟರಿನ ಮುಂದೆ ಕೂತು ಫೈಲು ತೆರೆದರು. ಮೇಲಿನಿಂದ ಒಂಬತ್ತನೆಯ ಜಾಗದಲ್ಲಿ ಸುಗ್ರಾಬಿ, ಸಿರುಗುಪ್ಪ, ಮಂಗಳವಾರ, ಶುಕ್ರವಾರ. ಇನ್ನೂ ಕೆಳಗೆ, ಮೂವತ್ತನೆಯ ಜಾಗದಲ್ಲಿ ಸುಗ್ರಾಬಿ, ಕುರುಗೋಡು, ಬುಧವಾರ, ಶನಿವಾರ. ಇಬ್ಬರೂ ಇದ್ದರು. ನಾನು, "ಇದಾರಲ್ಲ ಸರ" ಎಂದೆ.

ಅವರು ಲೂಪ್ ಓಡಿಸಿದರು. ಪ್ರತಿ ಕೀ, ಅದರ ಪೂರ್ತಿ ವ್ಯಾಲ್ಯೂ ಒಂದೊಂದಾಗಿ ಪರದೆಗೆ ಬರುವಂತೆ, ಒಂದು ಬಂದ ಮೇಲೆ ಗುಂಡಿ ಒತ್ತಿದರೆ ಮಾತ್ರ ಇನ್ನೊಂದು ಬರುವಂತೆ ಮಾಡಿದರು. ಬೆರಳು ಮಡಚಿ ಎಣಿಸುತ್ತ ಹೋದರು. ನಲವತ್ತಕ್ಕೆ ನಿಂತಿತು. ಸುಗ್ರಾಬಿ ಒಂದೇ ಸಲ ಬಂದಿತ್ತು, ಕುರುಗೋಡಿನದು. ಮತ್ತೊಮ್ಮೆ ಓಡಿಸಿದರು. ಮೂರನೆಯ ಸಲವೂ ಓಡಿಸಿದರು. ಪ್ರತಿ ಸಲ ನಲವತ್ತೇ.

ಆಮೇಲೆ ನನಗೆ ತಿಳಿಸಿ ಹೇಳಿದರು. ದನಿ ಪಾಠ ಹೇಳುವಾಗಿನದೇ ಆಗಿತ್ತು, ಅದೇ ನನಗೆ ಕೇಳಲಾಗಲಿಲ್ಲ. "ಫೈಲಿನಾಗ ಎಷ್ಟು ಸಲ ಬೇಕಾದ್ರೂ ಬರೀಬಹುದೋ. ಆದ್ರ ಪ್ರೋಗ್ರಾಂ ಅದನ್ನ ಓದಿಕೊಳ್ಳುವಾಗ ಒಂದು ಕೀಗೆ ಒಂದ ಜಾಗ ಇಡ್ತದ. ಅದೇ ಕೀ ಇನ್ನೊಮ್ಮೆ ಬಂತಂದ್ರ, ಮೊದಲು ಕೂತವರನ್ನ ಎಬ್ಬಿಸಿ ಆ ಜಾಗದಾಗ ಎರಡನೇದವರನ್ನ ಕೂಡಸ್ತದ. ತಪ್ಪಾತು ಅಂತ ಹೇಳಂಗಿಲ್ಲ. ನಿಲ್ಲಂಗಿಲ್ಲ. ಲೂಪಿಗೆ ಸಿಗೋದು ಉಳಿದವರಷ್ಟ." ಫೈಲು ಮುಚ್ಚಿ ಹೇಳಿದರು, "ಆ ನರ್ಸ್ ತಪ್ಪು ಬರೆದದ್ದಕ್ಕ ಆಯಮ್ಮ ನಾಲ್ಕು ತಿಂಗಳು ಬದುಕಿದ್ರು. ನಾ ತಿದ್ದಿದೆ."

ಚಿದಾನಂದಪ್ಪನವರ ಕೋಣೆಗೆ ನಾವಿಬ್ಬರೂ ಹೋದೆವು. ಸರ್ ನಿಂತುಕೊಂಡೇ ಎಲ್ಲ ಹೇಳಿದರು. ಚಿದಾನಂದಪ್ಪನವರು ಕೆಟ್ಟವರಲ್ಲ. 

"ಕಂಪ್ಯೂಟರ್ ತಪ್ಪು ಮಾಡ್ತು ಅಂತ ಬರದು ಮುಗಸಾಣ ಸರ."

"ಅದು ತಪ್ಪು ಮಾಡಿಲ್ರಿ. ನಾ ಬರದದ್ದ ಮಾಡ್ಯದ."

"ಹಂಗ ಅಂದ್ರ ಹೊರಗ ಸುದ್ದಿ ಆಗತೈತಿ. ಟ್ರಸ್ಟಿನ ಮಂದಿ ಗಾಡಿ ನಿಲ್ಲಸ್ರಿ ಅಂತಾರ. ಉಳಿದ ನಲವತ್ತು ಮಂದಿ ಏನ್ ಮಾಡಬೇಕು? ನೀವ ಹೇಳ್ರಿ. ಬಾಯಿ ಮುಚ್ಚಿಕೊಂಡಿರಾದು ಅವರ ಸಲುವಾಗಿ ಅಂತ ತಿಳ್ಕೊರ್ರಿ."

ಸರ್ ಹೊರಗೆ ಬಂದು ಮೇಜಿನ ಮುಂದೆ ಕೂತರು. ಸಂಜೆ ಪಟ್ಟಿ ಹೋಗಬೇಕಿತ್ತು. ಪ್ರೋಗ್ರಾಂ ಮುಟ್ಟದೆ ಮರುದಿನದವರ ಹೆಸರುಗಳನ್ನು ಕೈಯಲ್ಲೇ ಬರೆದು, ಇಬ್ಬರೂ ಡ್ರೈವರುಗಳಿಗೆ ಫೋನಿನಲ್ಲಿ ಒಂದೊಂದೇ ಹೆಸರು ಓದಿ ಹೇಳಿದರು.

ಭಾನುವಾರ ಅವರು ಸಿರುಗುಪ್ಪದ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. 

ಪೀರಸಾಬರ ಮನೆ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಅರ್ಧ ತುಂಬಿದ ಗಾದಿಯೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು, ಮೂಲೆಯಲ್ಲಿ ಅರಳೆ. ಪೀರಸಾಬ್ ಗೋಡೆಗೆ ಒರಗಿ ಕೂತಿದ್ದರು. ಆಸ್ಪತ್ರೆಯವರು ಬಂದಿದ್ದಾರೆ ಎಂದು ಗೌಸ್ ಕುರ್ಚಿ ತಂದು ಹಾಕಿದ. ಸರ್ ಕೂಡಲಿಲ್ಲ.

"ನನ್ನ ಹೆಸರು ವಿಶ್ವಪ್ರಿಯ ಅಂತ. ಗಾಡಿ ಲಿಸ್ಟು ಮಾಡೋನು ನಾನು. ನಿಮ್ಮ ಮನಿಯವರ ಹೆಸರು ಅದರಾಗಿಂದ ಹೋಗಿದ್ದು ನನ್ನಿಂದ."

ಪೀರಸಾಬ್ ಅವರನ್ನೇ ನೋಡಿದರು. "ಅಲ್ಲಾ ಕರಕೊಂಡ. ಅದಕ್ಕ ನೀವೇನು ಮಾಡ್ತೀರಿ. ಕುಂದರ್ರಿ, ಚಾ ಕುಡೀರಿ."

"ಇಲ್ಲ, ನಾ ಹೇಳೋದು ಕೇಳ್ರಿ" ಎಂದು ಸರ್ ಶುರು ಮಾಡಿದರು. ಇಬ್ಬರು ಸುಗ್ರಾಬಿ, ಎರಡು ಬಗೆಯ ಅಕ್ಷರ, ತಿದ್ದಿದ್ದು, ಒಂದು ಹೆಸರಿಗೆ ಒಂದೇ ಜಾಗ. ಆ ಮನೆಯಲ್ಲಿ ಅದನ್ನೆಲ್ಲ ಕೇಳುತ್ತಿದ್ದರೆ ನನಗೇ ಅದು ಎಲ್ಲಿಯದೋ ಮಾತು ಅನ್ನಿಸಿತು. ಪೀರಸಾಬ್ ತಲೆ ಆಡಿಸುತ್ತಿದ್ದರು, ತಿಳಿದು ಆಡಿಸುತ್ತಿರಲಿಲ್ಲ. ಗೌಸ್ ಒಂದೇ ಮಾತು ಕೇಳಿದ. "ಆ ಇನ್ನೊಬ್ಬಮ್ಮ ಚೆನ್ನಾಗಿ ಅದಾರೇನ್ರಿ?"

"ಅದಾರ" ಎಂದರು ಸರ್.

ಆಗ ಒಳಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಇಪ್ಪತ್ತೈದು ವರ್ಷ ಇದ್ದೀತು. ಸೆರಗನ್ನು ತಲೆ ಮೇಲೆ ಗಟ್ಟಿಯಾಗಿ ಹಿಡಿದಿದ್ದಳು.

"ಈ ದನಿ..." ಎಂದಳು. "ಫೋನಿನ್ಯಾಗ ಮಾತಾಡಿದ್ದು ನೀವೇನಾ?"

ಸರ್ ಅವಳ ಕಡೆ ತಿರುಗಿದರು. "ಹೌದಮ್ಮ."

"ಬುಧವಾರ ಅಂದೋರು?"

"ನಾನ."

"ನಾ ಎರಡು ಸಲ ಕೇಳಿದ್ನಾ ಇಲ್ಲಾ? ಖರೇನಾ ಅಂತ ಕೇಳಿದ್ನಲ್ರಿ?"

"ಕೇಳಿದ್ರಿ."

"ಮರುದಿನ ಮತ್ತ ಮಾಡಿದ್ನಾ ಇಲ್ಲಾ?"

"ಮಾಡಿದ್ರಿ. ಅತ್ತಿ ಇಲ್ಲೇ ನನ್ನ ಮುಂದ ಕುಂತಾರ ಅಂತ ಹೇಳಿದ್ರಿ. ಕಾಲು ಬಾತಾವ ಅಂತನೂ ಹೇಳಿದ್ರಿ. ನಾ ಕಿವ್ಯಾಗ ಹಾಕ್ಕೊಳ್ಳಲಿಲ್ಲ."

ಸುಹಾನಾ ಗಂಡನ ಕಡೆ ನೋಡಿದಳು, ಆಮೇಲೆ ಮಾವನ ಕಡೆ. ಮೂರು ದಿನದಿಂದ ಆ ಮನೆಯಲ್ಲಿ ಏನು ನಡೆದಿತ್ತೆಂದು ಆ ನೋಟದಿಂದಲೇ ತಿಳಿಯಿತು. ಇವಳು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ದಿನ ತಪ್ಪು ಹೇಳಿದಳು ಎಂದು ಎಲ್ಲರೂ ಅವಳನ್ನೇ ಅಂದಿದ್ದರು. ಬಹುಶಃ ಮಣ್ಣಿಗೆ ಬಂದ ಬಂಧುಗಳೂ ಅಂದಿದ್ದರು.

"ಇನ್ನೊಮ್ಮೆ ಹೇಳ್ರಿ ಸರ" ಎಂದಳು. "ಇವರಿಗೆ ಕೇಳೋಹಂಗ ಹೇಳ್ರಿ."

ಸರ್ ಪೀರಸಾಬರ ಮುಂದೆ ನೆಲಕ್ಕೆ ಕೂತರು. ಪಂಚೆಗೆ ಅರಳೆ ಅಂಟಿಕೊಂಡಿತು. "ನಿಮ್ಮ ಸೊಸಿ ಸರಿಯಾಗಿ ಕೇಳಿದ್ರು. ಸರಿಯಾಗಿ ಹೇಳಿದ್ರು. ಎರಡೂ ಸಲ ತಪ್ಪು ಹೇಳಿದಾವ ನಾನು."

ಪೀರಸಾಬ್ ಕೈಗೆ ಸಿಕ್ಕ ಒಂದಿಷ್ಟು ಅರಳೆಯನ್ನು ಎಳೆಎಳೆ ಬಿಡಿಸುತ್ತ ಕೂತರು. ಗೌಸ್ ಎದ್ದು ಹೊರಗೆ ಹೋದ. ಚಾ ಬಂತು, ಆರಿತು.

ಅಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ಮೂರನೇ ಬೆಡ್ಡು ಎಂದವನು ನಾನು. ತಲೆ ಎತ್ತಿ, ಯಾವ ಸುಗ್ರಾಬಿ ಎಂದು ಕೇಳಿದ್ದರೆ ಬುಧವಾರ ಮಧ್ಯಾಹ್ನದೊಳಗೆ ಗಾಡಿ ಸಿರುಗುಪ್ಪದಲ್ಲಿ ಇರುತ್ತಿತ್ತು. ಸರ್ ನನ್ನ ಹೆಸರು ಎತ್ತಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಸೋಮವಾರ ಅವರು ಕುರುಗೋಡಿಗೂ ಹೋದರು. ಇನ್ನೊಬ್ಬ ಸುಗ್ರಾಬಿಗೆ ಇದು ಬೇರೆ ಯಾರ ಬಾಯಿಂದಲೋ ತಿಳಿಯಬಾರದು ಎಂಬುದು ಅವರ ಹಟ. ಹೇಳದೇ ಇದ್ದಿದ್ದರೇ ಒಳ್ಳೆಯದಿತ್ತು. ಆಯಮ್ಮ ಕೇಳಿ, "ಆಕಿ ಪಾಳಿ ನಾ ತಗೊಂಡೆ ಅನ್ರಿ" ಎಂದರಂತೆ. ಹಾಗಲ್ಲ ಎಂದು ಸರ್ ಎಷ್ಟು ಹೇಳಿದರೂ ಅದೊಂದೇ ಮಾತು. ಆ ಬುಧವಾರ ಅವರು ಗಾಡಿ ಹತ್ತಲಿಲ್ಲ. ನಾನು, ಚಿದಾನಂದಪ್ಪನವರು ಮನೆಗೆ ಹೋಗಿ ಕೈ ಮುಗಿದ ಮೇಲೆ ಬಂದರು. ಮೊದಲೇ ಮಾತಿಲ್ಲದವರು, ಈಗ ತಸ್ಬಿಯನ್ನೂ ತರುತ್ತಿರಲಿಲ್ಲ.

ಪೊಲೀಸ್ ಠಾಣೆಗೂ ಸರ್ ಒಂದು ಅರ್ಜಿ ಟೈಪ್ ಮಾಡಿಕೊಂಡು ಹೋಗಿದ್ದರು. ಮುಗ್ಧ ಹೆಣ್ಣುಮಗಳ ಸಾವಿಗೆ ನಾನು ಕಾರಣ ಎಂದು ಬರೆದಿದ್ದರು. ಅಲ್ಲಿದ್ದ ಅಧಿಕಾರಿ ಪೂರ್ತಿ ಓದಿ, ಮನೆಯವರು ದೂರು ಕೊಟ್ಟಿದ್ದಾರೇನು ಎಂದು ಕೇಳಿದರು. ಇಲ್ಲ ಎಂದಾಗ, "ಹಿರಿಯರು ಅದೀರಿ, ಮನಿಗೆ ಹೋಗಿ ರೆಸ್ಟ್ ಮಾಡ್ರಿ" ಎಂದು ಕಾಗದ ಮಡಚಿ ಕೈಗೆ ಕೊಟ್ಟರು. ಅಲ್ಲಿಂದ ಬಂದವರು ನನ್ನ ಮುಂದೆ ಕೂತು ಮೊದಲ ಸಲ ಅತ್ತರು. "ಯಾರೂ ತಗೊಳ್ಳಂಗಿಲ್ಲಲ್ಲೋ ಇದನ್ನ. ಯಾರ ಹತ್ರ ಕೊಡ್ಲಿ?"

ಮುಂದಿನ ಮೂರು ದಿನ ಅವರು ಪ್ರೋಗ್ರಾಂ ಬದಲಿಸಿದರು. ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು ಅದನ್ನೇ ಕೀ ಮಾಡಿದರು. ಹೆಸರು ವ್ಯಾಲ್ಯೂ ಒಳಗೆ ಹೋಯಿತು, ಊರಿನ ಜೊತೆ, ದಿನದ ಜೊತೆ. ಒಂದೇ ಕೀ ಎರಡು ಸಲ ಬಂದರೆ ಪ್ರೋಗ್ರಾಂ ನಿಂತುಬಿಟ್ಟು ಕೂಗುವಂತೆ ಮಾಡಿದರು. ಹೆಸರು ಹೊಡೆದರೆ ಆ ಹೆಸರಿನ ಎಲ್ಲರೂ ಅವರವರ ಊರಿನೊಂದಿಗೆ ಬರುವಂತೆ ಮಾಡಿದರು. ಎಲ್ಲವನ್ನೂ ನನಗೆ ಸಾಲುಸಾಲಾಗಿ ಕಲಿಸಿದರು. ಹತ್ತು ಸಾಲಿನ ಕೆಲಸ. ಜನವರಿಯಲ್ಲೂ ಅದು ಹತ್ತೇ ಸಾಲಿನ ಕೆಲಸವಾಗಿತ್ತು. ನಾಲ್ಕನೆಯ ದಿನ ಅವರು ಬರಲಿಲ್ಲ.

ಈಗ ಒಂದೂವರೆ ವರ್ಷವಾಯಿತು. ಸರ್ ಮನೆಯಲ್ಲೇ ಇರುತ್ತಾರೆ. ಕಂಪ್ಯೂಟರನ್ನು ಯಾರಿಗೋ ಕೊಟ್ಟುಬಿಟ್ಟರು. ಅಕ್ಷರ ಎಂಬುದನ್ನೇ ಮುಟ್ಟುವುದಿಲ್ಲ. ಬ್ಯಾಂಕಿನ ಚೀಟಿಯನ್ನೂ ಸರಸ್ವತಿಬಾಯಿಯವರೇ ಬರೆಯಬೇಕು. ಆಯಮ್ಮ ಒಮ್ಮೆ ಬಾಗಿಲ ತನಕ ಬಂದು ನನ್ನನ್ನು ಕೇಳಿದರು, "ಊಟ ಮಾಡ್ತಾರ, ಸ್ನಾನ ಮಾಡ್ತಾರ, ಕೇಳಿದ್ದಕ್ಕ ಉತ್ತರ ಕೊಡ್ತಾರ. ಆದ್ರ ಮನ್ಯಾಗ ಇಲ್ಲಪ್ಪ ಇವರು. ಎಲ್ಲಿ ಅದಾರ ನಿನಗೇನರ ಗೊತ್ತದೇನು?" 

ತಿಂಗಳಿಗೊಮ್ಮೆ ಹೋಗಿ ಕೂತು ಬರುತ್ತೇನೆ. ಎಷ್ಟು ಜನ ರೋಗಿಗಳಿದ್ದಾರೆ ಎಂದು ಅವರು ಕೇಳುವುದಿಲ್ಲ, ಪ್ರೋಗ್ರಾಂ ಹೇಗೆ ನಡೆಯುತ್ತಿದೆ ಎಂದೂ ಕೇಳುವುದಿಲ್ಲ. ಕುರುಗೋಡಮ್ಮ ಈ ಮಳೆಗಾಲದಲ್ಲಿ ತೀರಿಕೊಂಡರು, ಆ ಒಂದು ಬುಧವಾರ ಬಿಟ್ಟರೆ ಪಾಳಿ ಒಂದೂ ತಪ್ಪಿರಲಿಲ್ಲ, ವಯಸ್ಸು, ಹೃದಯ. ಅದನ್ನು ಹೇಳಿದಾಗಲೂ, "ಹೌದೇನು" ಎಂದಷ್ಟೇ ಅಂದು ಕಿಟಕಿ ಕಡೆ ನೋಡಿದರು. ಅವರು ಕೇಳುವುದು ಒಂದೇ. "ಆ ಹುಡುಗಿ ಸುಹಾನಾ ಹೆಂಗ ಅದಾಳೋ? ಈಗ ಯಾರೂ ಆಕಿಗೆ ಏನೂ ಅನ್ನಂಗಿಲ್ಲಲ್ಲ?"

"ಇಲ್ಲ ಸರ. ಚೆನ್ನಾಗದಾಳಂತ" ಎನ್ನುತ್ತೇನೆ.

"ಅಷ್ಟಾದ್ರೂ ಆತಲ್ಲ" ಎನ್ನುತ್ತಾರೆ.

ಸುಹಾನಾ ರೂಪನಗುಡಿಯ ತವರಿಗೆ ಹೋಗಿ ಎಂಟು ತಿಂಗಳಾಯಿತು. ವಾಲ್ಮೀಕಿ ಹೇಳಿದ. ನಾವು ಅವತ್ತು ಹೋಗಿ ಬಂದ ಮೇಲೆ ಸ್ವಲ್ಪ ದಿನ ಎಲ್ಲ ಸುಮ್ಮನಿದ್ದರಂತೆ. ಆಮೇಲೆ ಗೌಸ್ ಬೇರೆ ಮಾತು ಹಿಡಿದ. ಎರಡು ಸಲ ಫೋನ್ ಮಾಡಿದವಳು ಮೂರನೆಯ ಸಲ ಯಾಕೆ ಮಾಡಲಿಲ್ಲ, ಗಿರಣಿಗೆ ಬಂದು ನನಗೆ ಯಾಕೆ ಹೇಳಲಿಲ್ಲ, ಬಸ್ಸಿಗಾದರೂ ಯಾಕೆ ಹತ್ತಿಸಲಿಲ್ಲ. ದಿನಾ ಅದೇ ಮಾತು. ಒಂದು ದಿನ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಹೋದಳು. ಕರೆಯಲು ಯಾರೂ ಹೋಗಿಲ್ಲ.

ಸಿರುಗುಪ್ಪಕ್ಕೆ ಹೋಗಿ ಆ ನೆಲದ ಮೇಲೆ ಕೂತು ಹೇಳಿದ್ದರಿಂದ ಒಬ್ಬಳಿಗಾದರೂ ಉಪಕಾರವಾಯಿತೆಂದು ಸರ್ ನಂಬಿದ್ದಾರೆ. ರೂಪನಗುಡಿಯ ಸುದ್ದಿಯನ್ನು ನಾನು ಅವರಿಗೆ ಹೇಳಿಲ್ಲ.